ಮೂರು ಇಟ್ಟಿಗೆ ಎತ್ತರ

ಶಮ್ಸುನ್ನೀಸಾ ಅಂಗಳದಲ್ಲಿ ಕೂತು ಮೊರದ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು. ಮಗ ರಹೀಂ ಅವಳ ಮುಂದೆ ಇಟ್ಟಿಗೆಯ ಮೇಲೆ ಇಟ್ಟಿಗೆ ಪೇರಿಸಿದ.

“ಅಮ್ಮೀ, ಒಂದ್ಸಲ ಎದ್ದು ಕಾಲಿಡು.”

“ಏನೋ ಇದು, ಇಲ್ಲೇ ಒಲೆ ಹೂಡ್ತಿದ್ದೀಯಾ?”

ಎರಡು ಇಟ್ಟಿಗೆಗೆ ಕಾಲು ಸಲೀಸಾಗಿ ಏರಿತು. ಮೂರಕ್ಕೆ ಮೊಣಕಾಲು ಕಟಕ್ಕೆಂದರೂ ಏರಿತು. ನಾಲ್ಕಕ್ಕೆ “ಯಾ ಅಲ್ಲಾ” ಎಂದು ಮೊರದ ಹತ್ತಿರಕ್ಕೇ ವಾಪಸ್ಸು ಬಂತು.

ಭದ್ರಾವತಿಯಲ್ಲಿ ಶಾಮಿಯಾನ ಬಾಡಿಗೆಗೆ ಕೊಡುವ ರಹೀಂ, ಎರಡು ಸಾಲು ಸೀಟಿನ ಪಿಕಪ್ಪನ್ನೇ ಹುಡುಕಿ ಕೊಂಡಿದ್ದು ಮನೆಯವರೆಲ್ಲ ಕೂತು ತಿರುಗಾಡಲಿ ಎಂದು. ಹೆಂಡತಿ ಮುಸರ್ರತ್ ಹಿಂದಕ್ಕೆ ಟಾರ್ಪಾಲಿನ ಮಾಡು, ಒಲೆ ಇಡುವ ಪೆಟ್ಟಿಗೆ ಕೇಳಿದಳು. ಮಗಳು ಇರಂ ಗಾಡಿಯ ನೆತ್ತಿಯ ಮೇಲೆ ಸಾಲುದೀಪ ಬೇಕೆಂದಳು. ರಹೀಂ ಹೊಳೆದಂಡೆಯ ಕಲ್ಲಿನಲ್ಲೂ ನುಗ್ಗಲಿ ಎಂದು ದೊಡ್ಡ ಟೈರು ಹಾಕಿಸಿದ. ಎಲ್ಲ ಆದ ಮೇಲೆ ನೋಡಿದರೆ ಗಾಡಿ ಆನೆಯ ಹಾಗೆ ನಿಂತಿತ್ತು. “ನನ್ನನ್ನ ಹತ್ತಿಸೋಕೆ ಸಕ್ರೆಬೈಲಿಂದ ಮಾವುತನ್ನ ಕರೆಸ್ರೋ,” ಎಂದಳು ಶಮ್ಸುನ್ನೀಸಾ.

ನಗುತ್ತಲೇ ಅಂದಳು, ಆದರೆ ಅವಳಿಗೂ ಒಂದು ಕಡೆ ಹೋಗುವುದಿತ್ತು. ಹಿಂದೆ ಪಕ್ಕದ ಮನೆಯಲ್ಲಿದ್ದ ಗೆಳತಿ ಜಯಶೀಲಾ ಈಗ ಆಯನೂರಿನಲ್ಲಿದ್ದಾಳೆ. ಅವಳಿಗೆ ಕಿವಿ ಪೂರ್ತಿ ಹೋಗಿ ಫೋನು ನಡೆಯದು, ಏನಿದ್ದರೂ ಕಾರ್ಡಿನಲ್ಲಿ. “ಯಾವಾಗ ಬರ್ತೀಯೇ ಮಾರಾಯ್ತಿ?” ಎಂದು ಅವಳು ಬರೆದದ್ದಕ್ಕೆ ಶಮ್ಸುನ್ನೀಸಾ ಕಳೆದ ರಂಜಾನಿನಲ್ಲೇ “ಬರ್ತೀನಿ” ಎಂದು ಉತ್ತರ ಬರೆದಿದ್ದಳು. ಯಾವತ್ತು ಎಂಬ ಜಾಗ ಮಾತ್ರ ಖಾಲಿ. ಬಸ್ಸಿನ ಮೆಟ್ಟಿಲು ಅವಳ ಕೈಲಾಗದು. ಕಾರು ಮಾಡಿಸ್ತೀನಿ ಎಂದು ರಹೀಂ ಅಂದರೆ, “ಹರಟೆ ಹೊಡೆಯೋಕೆ ಯಾರಾದ್ರೂ ಬಾಡಿಗೆ ಕಾರು ಮಾಡ್ತಾರಾ?” ಎನ್ನುವಳು. ದಿನ ಗೊತ್ತಿಲ್ಲದೆ ಮಾತು ಕೊಡುವ ಹೆಂಗಸಂತೂ ಅಲ್ಲ. ಕಾರ್ಡು ಸಕ್ಕರೆ ಡಬ್ಬದಡಿ ಸೇರಿತ್ತು. “ಇರುವೆಗಳೆಲ್ಲ ಓದಿ ಮುಗಿಸಿದ್ವು ದಾದೀ, ಇನ್ನಾದ್ರೂ ಕಳಿಸು,” ಎಂದು ಇರಂ ರೇಗಿಸುತ್ತಿದ್ದಳು.

ರಹೀಂ ಆ ಮೂರು ಇಟ್ಟಿಗೆಯನ್ನು ಗಾಡಿಯಲ್ಲಿಟ್ಟುಕೊಂಡೇ ಹೋದ. ಶಿವಮೊಗ್ಗದಲ್ಲಿ ಮದುವೆಯೊಂದರ ಶಾಮಿಯಾನ ಬಿಚ್ಚಿ, ಕಬ್ಬಿಣದ ಪೈಪುಗಳನ್ನೆಲ್ಲ ಹೇರಿಕೊಂಡು, ಬರುವ ದಾರಿಯಲ್ಲಿ ಆಲ್ಕೊಳದ ವೆಲ್ಡರ್ ಜಾಹಿದನ ಮುಂದೆ ನಿಲ್ಲಿಸಿದ. ಜಾಹಿದ್ ಇಟ್ಟಿಗೆ ಪೇರಿಸಿ, ಹಿಂದಿನ ಸೀಟಿನ ಬಾಗಿಲ ಕೆಳಗೆ ಅದರ ಮಟ್ಟಕ್ಕೆ ಸರಿಯಾಗಿ ಒಂದು ಮೆಟ್ಟಿಲು, ಮೇಲೆ ಇನ್ನೊಂದು, ಪಕ್ಕದಲ್ಲಿ ಹಿಡಿದುಕೊಳ್ಳಲು ಒಂದು ಹಿಡಿ ಬೆಸೆದು ಕೊಟ್ಟ. “ನಿಮ್ಮಮ್ಮಿ ಇನ್ನು ಮಹಾರಾಣಿ ಹಾಗೆ ಹತ್ತಬಹುದು ಭಾಯ್.”

ಮರುದಿನ ಎಲ್ಲರೂ ಹೊಳೆದಂಡೆಗೆ ಹೋಗಿ ಅಡುಗೆ ಮಾಡಿ ಉಣ್ಣುವುದೆಂದಿತ್ತು. ಶನಿವಾರ ಸಂಜೆ ಪೈಪೆಲ್ಲ ಇಳಿಸಿದ ಮೇಲೆ ಮನೆಯವರು ಗಾಡಿಯ ಸುತ್ತ ನಿಂತರು. ಮೊದಲು ದೊಡ್ಡವರು. ಶಮ್ಸುನ್ನೀಸಾ ಕಾರ್ಡನ್ನು ಹೊರಗೆ ತೆಗೆದಿಟ್ಟು ಬಂದು, ಬಿಸ್ಮಿಲ್ಲಾ ಎಂದು ಕಾಲೆತ್ತಿದಳು. ಬೆರಳು ಮೆಟ್ಟಿಲ ಅಂಚಿಗೆ ತಾಗಿತು, ಪಾದ ಏರಲಿಲ್ಲ. ಮತ್ತೆ ಎತ್ತಿದಳು. ಆಗಲಿಲ್ಲ. ರಹೀಂ ಇಟ್ಟಿಗೆ ತಂದು ಪಕ್ಕದಲ್ಲಿ ಪೇರಿಸಿ ನೋಡಿದ. ಮೆಟ್ಟಿಲು ನಾಲ್ಕು ಬೆರಳು ಮೇಲಿತ್ತು.

“ಥತ್, ಗಾಡಿ ತುಂಬ ಪೈಪ್ ಇದ್ದಾಗ ಅಳತೆ ತಗೊಂಡ್ಬಿಟ್ವಿ,” ಎಂದು ಹಣೆ ಚಚ್ಚಿಕೊಂಡ. “ಇನ್ನೂ ಕೆಳಗೆ ಹಾಕಿಸಿದ್ರೆ ಕಲ್ಲಿಗೆ ಬಡಿಯುತ್ತೆ. ಸ್ಟೂಲ್ ಇಡ್ಲಾ?”

“ಸ್ಟೂಲಿಂದ ಬಿದ್ದೇ ಅಲ್ವೇನೋ ಈ ಮೊಣಕಾಲು ಹೋಗಿದ್ದು?”

“ಎತ್ತಿ ಕೂರಿಸ್ಲಾ?”

“ನಾನೇನು ಶಾಮಿಯಾನದ ಪೈಪಾ? ನಾಳೆ ಹೊಳೆಗೆ ನೀವು ಹೋಗಿ ಬನ್ನಿ.” ಕಾರ್ಡು ಮತ್ತೆ ಡಬ್ಬದಡಿ ಹೋಯಿತು.

ಭಾನುವಾರ ಬೆಳಿಗ್ಗೆ ಶಮ್ಸುನ್ನೀಸಾ ಜಗುಲಿಯಲ್ಲಿ ಕೂತು, ಅವರು ಒಯ್ಯಬೇಕಾದ ಈರುಳ್ಳಿ ಸುಲಿಯುತ್ತಿದ್ದಳು. ಇಟ್ಟಿಗೆಗಳು ನಿನ್ನೆ ಇಟ್ಟಲ್ಲೇ ಇದ್ದವು. ಗಾಡಿಯ ಹಿಂದಕ್ಕೆ ನೀರು ತುಂಬಿದ ಡ್ರಮ್ಮು ಏರಿತು. ಬಿರಿಯಾನಿ ಬೇಯಿಸುವ ತಾಮ್ರದ ದೊಡ್ಡ ದೇಗು ಏರಿತು. ನೆರಳಿಗೆಂದು ಪೈಪು, ಜಮಖಾನದ ಕಟ್ಟು ಏರಿದವು. ಅವು ಏರಿದಂತೆಲ್ಲ ಮೆಟ್ಟಿಲು ಇಳಿಯುತ್ತಿತ್ತು. ಈರುಳ್ಳಿ ಅವಳ ಕೈಯಲ್ಲೇ ನಿಂತಿತು.

“ರಹೀಂ, ನೀನು ಹೋಗಿ ಕೂತ್ಕೋ. ಇರಂ, ನೀನೂ.” ಬಗ್ಗಿ ನೋಡಿದಳು. “ಇನ್ನೊಂದು ಬೆರಳು. ಮುಸರ್ರತ್, ಹತ್ತು.”

“ನಾನು ಅಷ್ಟು ದಪ್ಪ ಇದ್ದೀನಾ ಅಮ್ಮೀ?”

“ಇವತ್ತು ಅದೇ ಬೇಕಾಗಿರೋದು, ಹತ್ತು ತಾಯಿ.”

ಮೆಟ್ಟಿಲು ಬಂದು ಇಟ್ಟಿಗೆಯ ತಲೆಗೆ ಸಮನಾಗಿ ನಿಂತಿತು. “ಯಾರೂ ಅಲ್ಲಾಡಬೇಡಿ,” ಎಂದು ಶಮ್ಸುನ್ನೀಸಾ ಒಳಗೆ ಹೋದಳು. ಮೂವರೂ ಬಿಸಿಲಲ್ಲಿ ಬೇಯುತ್ತ, ಉಸಿರು ಬಿಗಿಹಿಡಿದು ಕೂತರು. ಇರಂ ಬಂದ ಸೀನನ್ನೂ ತಡೆದುಕೊಂಡಳು. ಶಮ್ಸುನ್ನೀಸಾ ಕಾರ್ಡು, ಪೆನ್ನು ತಂದು ಮೊಮ್ಮಗಳ ಕೈಗೆ ಕೊಟ್ಟು, ಹಿಡಿಯನ್ನು ಹಿಡಿದಳು. ಒಂದು ಮೆಟ್ಟಿಲು. ಇನ್ನೊಂದು. ಸೀಟಿನಲ್ಲಿ ಕೂತೇಬಿಟ್ಟಳು.

“ದೊಡ್ಡೋರನ್ನ ಕೊನೆಗೆ ಹತ್ತಿಸಿದ್ದೀವಿ, ಕೇರಿಯವರು ಏನಂತಾರೋ,” ಎಂದ ರಹೀಂ.

“ಏನಾದ್ರೂ ಅಂದ್ಕೊಳ್ಲಿ. ಅಂಚೆಡಬ್ಬದ ಹತ್ರ ನಿಲ್ಸು.”

ಅಲ್ಲಿ ಅವಳು ಕಾರ್ಡನ್ನು ಮೊಣಕಾಲಿನ ಮೇಲಿಟ್ಟುಕೊಂಡು, ಖಾಲಿ ಜಾಗದಲ್ಲಿ “ಬರುವ ಭಾನುವಾರ” ಎಂದು ತುಂಬಿದಳು. ಕೆಳಗೆ ಇನ್ನೊಂದು ಸಾಲು ಬರೆದಳು. ರಹೀಂ ಇಳಿದು ಹಾಕಿ ಬರಲು ಬಾಗಿಲು ತೆಗೆದ. “ಕೂತ್ಕೊಳ್ಳೋ, ನೀನಿಳಿದ್ರೆ ಮೆಟ್ಟಿಲು ಮೇಲೇರುತ್ತೆ!” ಎಂದು ಗದರಿ, ಕಿಟಕಿಯಿಂದ ಕೈ ಚಾಚಿ ತಾನೇ ಕಾರ್ಡನ್ನು ಡಬ್ಬದೊಳಗೆ ಬಿಟ್ಟಳು.

“ಕೊನೇ ಸಾಲು ಏನು ಬರೆದೆ ದಾದೀ?”

“ಬಾಗಿಲಲ್ಲೇ ನಿಂತಿರು ಮಾರಾಯ್ತಿ, ಎಲ್ರಿಗಿಂತ ಮೊದಲು ಇಳಿಯೋಳು ನಾನೇ ಅಂತ.”