ಬಾಕಿ ಉಳಿದ ಮೂಲೆ

"ಕುರ್ಚಿ ಮುಗಿದಿಲ್ಲ ಅಕ್ಕ. ಮುಗಿಯದ ಕುರ್ಚಿಗೆ ಕೂಲಿ ಇಲ್ಲ. ಕರಾರಿನಲ್ಲೇ ಹಾಗಿದೆ," ಎಂದ ಗುಮಾಸ್ತ.

ಹೋದ ವಾರ ತೀರಿಕೊಂಡ ಹೆಣಿಗೆಯವನ ಹೆಂಡತಿ ಅವನ ಕೂಲಿ ಕೇಳಲು ಕುರ್ಚಿ ಅಂಗಡಿಗೆ ಬಂದಿದ್ದಳು. ಅವಳ ಮುಂದೆ ಗಂಡ ಹೆಣೆದ ಕೊನೆಯ ಬೆತ್ತದ ಒರಗುಕುರ್ಚಿ ಇತ್ತು. ಇಡೀ ತಿಂಗಳ ದುಡಿಮೆ. ಬೆನ್ನು, ತೋಳು, ಆಸನ ಎಲ್ಲ ಆಗಿತ್ತು. ಆಸನದ ಒಂದು ಮೂಲೆ ಮಾತ್ರ ಅಂಗೈಯಷ್ಟು ತೆರೆದಿತ್ತು. ಅಲ್ಲಿ ಬೆತ್ತದ ಎಳೆಗಳು ಒಣಗಿ ಸೆಟೆದು ನಿಂತಿದ್ದವು.

ಯಾವ ಕುರ್ಚಿಯನ್ನೂ ಅವನು ಸಂಜೆ ಮುಗಿಸುತ್ತಿರಲಿಲ್ಲ. ಒಂದು ಮೂಲೆ ಉಳಿಸಿ, ಎಳೆಗಳ ತುದಿಯನ್ನು ನೀರಿನ ಬಟ್ಟಲಿಗೆ ಇಳಿಬಿಟ್ಟು ಏಳುವುದು ಅವನ ರೂಢಿ. "ಎಲ್ಲ ಮುಗಿಸಿ ಎದ್ದರೆ ನಾಳೆ ಬಾ ಅಂತ ನನ್ನ ಕರೆಯೋರು ಯಾರು?" ಎಂದು ನಗುತ್ತಿದ್ದ. ಮಾರನೆಯ ಬೆಳಿಗ್ಗೆ ಬಂದು ಮೊದಲು ಅದನ್ನು ಕಟ್ಟುತ್ತಿದ್ದ. ಈ ಸಲ ಬರಲಿಲ್ಲ.

"ದೇವರು ಕರೆದಾಗ, ತಾಳಪ್ಪ, ಒಂದು ಮೂಲೆ ಬಾಕಿ ಇದೆ ಅನ್ನೋಕಾಗುತ್ತಾ ಗುಮಾಸ್ತಣ್ಣ?"

ಗುಮಾಸ್ತ ಪಕ್ಕದಲ್ಲಿದ್ದ ಅಂಗಡಿ ಯಜಮಾನರ ಮುಖ ನೋಡಿದ. ಅರ್ಧ ಹೆಣೆದು, ಪೂರ್ತಿ ಕೂಲಿ ಪಡೆದು ನಾಪತ್ತೆಯಾಗುವವರ ಕಾಟ ತಾಳಲಾರದೆ ಆ ಮಾತನ್ನು ಬರೆಸಿದವರು ಅವರೇ: ಕೂಲಿ ಕುರ್ಚಿ ಮುಗಿದ ದಿನ, ಮುಗಿಸಿದವರ ಕೈಗೆ. ಎಲ್ಲರಿಗಿಂತ ಮೊದಲು ಒಪ್ಪಿ ರುಜು ಹಾಕಿದವನು ಈ ಹೆಣಿಗೆಯವನು.

ಯಜಮಾನರು ತಮ್ಮ ಜೇಬಿಗೆ ಕೈ ಹಾಕಿದರು. "ಇದನ್ನ ಇಟ್ಕೋ ತಾಯಿ. ಕರಾರು ಅದರ ಪಾಡಿಗೆ ಇರಲಿ."

"ಬೇಡಿ ಯಜಮಾನ್ರೇ. ಅವರು ದುಡಿದದ್ದು ಅಂದ್ರೆ ಕೊಡಿ, ಮನೆ ಬಾಡಿಗೆ ಕಟ್ತೀನಿ. ದಾನ ಅಂದ್ರೆ ಅವರ ಹೆಸರು ಹೇಳಿ ನಾನು ಕೈ ಚಾಚೋಲ್ಲ."

"ಮತ್ತೇನ್ ಮಾಡೋದಕ್ಕ?" ಗುಮಾಸ್ತ ಗೊಣಗಿದ. "ಒಬ್ಬರಿಗೆ ಸಡಿಲ ಬಿಟ್ಟರೆ ನಾಳೆ ಎಲ್ಲರೂ ಬಾಲ ಬಿಚ್ತಾರೆ. ಆ ಮೂಲೆ ಬೇರೆಯವರು ಕಟ್ಟಿದ್ರೆ ಕೂಲಿಯೆಲ್ಲ ಅವರಿಗೇ ಹೋಗುತ್ತೆ. ಅದಕ್ಕೇ ಯಜಮಾನ್ರು ಯಾರಿಗೂ ಮುಟ್ಟೋಕೆ ಬಿಟ್ಟಿಲ್ಲ."

ಅವಳು ಕುರ್ಚಿಯ ತೋಳಿನ ಮೇಲೆ ಕೈಯಿಟ್ಟಳು. "ಮುಗಿಸಿದವರಿಗೆ ಅಲ್ವಾ? ಹಾಗಾದ್ರೆ ನಾನೇ ಮುಗಿಸ್ಲಾ?"

"ನಿಮಗೆ ಬರುತ್ತಾ?"

"ಮದುವೆಯಾದಾಗಿನಿಂದ ಮನೇಲಿ ಬೆತ್ತ ಸೀಳಿ ಕೊಟ್ಟವಳು ನಾನು. ನಿಮ್ಮ ಹಾಗೆ ಕುರ್ಚಿ ಮೇಲೆ ಕೂತು ಕಲಿತದ್ದಲ್ಲ ಅಣ್ಣ."

ಯಜಮಾನರು ನಕ್ಕುಬಿಟ್ಟರು. "ಕೂತ್ಕೋ ತಾಯಿ."

ಅವಳು ಗಂಡನ ಮಣೆಯ ಮೇಲೆ ಕುಳಿತು, ಬಟ್ಟಲಿಗೆ ನೀರು ತುಂಬಿ ಎಳೆಗಳನ್ನು ನೆನೆಯಲು ಬಿಟ್ಟಳು. ಅವು ಮೆತ್ತಗಾಗುವವರೆಗೆ ಕಣ್ಣು ಮುಚ್ಚಿ ಪ್ರಾರ್ಥಿಸಿದಳು. ಆಮೇಲೆ ಒಂದು ಎಳೆ ಮೇಲೆ, ಒಂದು ಕೆಳಗೆ. ತೆರೆದ ಮೂಲೆ ಕಿರಿದಾಗುತ್ತ ಬಂತು. ಗುಮಾಸ್ತ ಕೂಲಿಯನ್ನು ತೆಗೆದು ಮೇಜಿನ ಮೇಲಿಟ್ಟ. ಕೊನೆಯ ಎಳೆಗೆ ಗಂಟು ಹಾಕುವುದೊಂದೇ ಉಳಿದಾಗ ಅವಳ ಕೈ ನಿಂತಿತು. ಎದ್ದಳು.

"ಒಂದೇ ಒಂದು ಗಂಟಕ್ಕ! ಹಾಕಿದ್ರೆ ದುಡ್ಡು ಈಗಲೇ ಕೈಗೆ ಬರುತ್ತೆ."

"ನಾಳೆ ಬಂದು ಹಾಕ್ತೀನಿ ಅಣ್ಣ. ಇವತ್ತೇ ಮುಗಿಸಿಬಿಟ್ರೆ, ಇನ್ನು ಅವರದು ಅಂತ ಏನೂ ಉಳಿಯೋಲ್ಲ."

ಅವಳು ಹೊರಟುಹೋದಳು. ಗುಮಾಸ್ತ ಹಣವನ್ನು ಮತ್ತೆ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ. ಯಜಮಾನರು ಮೆಲ್ಲಗೆ ಬಗ್ಗಿ, ಜೋತುಬಿದ್ದಿದ್ದ ಎಳೆಯ ತುದಿಯನ್ನು ನೀರಿನ ಬಟ್ಟಲಿಗೆ ಇಳಿಬಿಟ್ಟರು.