ಅಂಜೂರಕ್ಕೆ ಟಾನಿಕ್

ಬ್ಯಾಡಗಿಯ ಬಾಡಿಗೆ ಮನೆಯಿಂದ ಹಾವೇರಿಯ ಸ್ವಂತ ಮನೆಗೆ ಟೆಂಪೋದಲ್ಲಿ ಬಂದ ಅಂಜೂರದ ಗಿಡ ನಾಲ್ಕನೆಯ ದಿನಕ್ಕೆ ಎಲೆಗಳನ್ನೆಲ್ಲ ಉದುರಿಸಿ ಬೋಳಾಗಿ ನಿಂತಿತು. ಕಸಬರಿಗೆ ಹಿಡಿದು ಬಂದ ದ್ರಾಕ್ಷಾಯಿಣಿಗೆ ಎಲೆ ಗುಡಿಸಲು ಕೈ ಬರಲಿಲ್ಲ. ನಾಲ್ಕು ವರ್ಷ ಅಕ್ಕಿ ತೊಳೆದ ನೀರು ಹಾಕಿ ಬೆಳೆಸಿದ ಗಿಡ. "ನೀವು ಹೋದ ಮ್ಯಾಲೆ ಕಡೀತೇನಿ" ಎಂದು ಆ ಮನೆಯ ಮಾಲೀಕ ಅಂದದ್ದಕ್ಕೇ ಬುಡಸಮೇತ ಅಗೆಸಿ, ಗೋಣಿತಟ್ಟಿನಲ್ಲಿ ಸುತ್ತಿ ತಂದಿದ್ದಳು.

ಗಂಡ ಮಾಲತೇಶನಿಗೆ ಮಾತ್ರ ಎಳ್ಳಷ್ಟೂ ಚಿಂತೆಯಿರಲಿಲ್ಲ. ಹಾವೇರಿ ಪೇಟೆಯಲ್ಲಿ ಅವನದು ಗೊಬ್ಬರ, ಔಷಧದ ಅಂಗಡಿ. ಯಾವ ಬೆಳೆಗೆ ಯಾವ ರೋಗ ಬಂದರೂ ಮದ್ದು ಅಲ್ಲಿರುತ್ತಿತ್ತು. ಏನಾಶ್ಚರ್ಯವೋ, ಬಹಳ ಸಲ ಅದು ಮುಂದಿನ ತಿಂಗಳು ಅವಧಿ ಮುಗಿಯಲಿದ್ದ ಡಬ್ಬಿಯೇ ಆಗಿರುತ್ತಿತ್ತು. ಗಿಡ ನೆಟ್ಟ ದಿನವೇ ಬುಡಕ್ಕೆ ಎರಡು ಬೊಗಸೆ ಯೂರಿಯಾ ಸುರಿದಿದ್ದ. ಮರುದಿನ ಎಲೆ ಜೋತು ಬಿದ್ದಾಗ, ಸಾಲಲಿಲ್ಲವೆಂದು ಇನ್ನೊಂದು ಬೊಗಸೆ. ಈಗ ಕಂದುಬಣ್ಣದ ಟಾನಿಕ್ ಬಾಟಲಿ ಹಿಡಿದು ಬಂದ.

"ಎರಡ ಮುಚ್ಚಳ, ಒಂದ ಬಕೀಟ ನೀರು. ಹದಿನೈದ ದಿನದಾಗ ಕಾಯಿ ಬಿಡತೈತಿ ನೋಡು."

"ಇನ್ನೂ ಜೀವಾನ ಹಿಡಿದಿಲ್ಲ, ಕಾಯಿ ಎಲ್ಲಿಂದ ಬರಬೇಕ್ರಿ? ನರ್ಸರಿ ಶಮಶೇರಸಾಬ್ರನ್ನ ಒಂದ ಮಾತ ಕೇಳೂಣು."

"ಅವಗೇನ ಗೊತ್ತೈತಿ? ಒಂದರ ಟ್ರೇನಿಂಗಿಗೆ ಹೋಗ್ಯಾನೇನು? ನಾ ಕಂಪನಿ ಖರ್ಚಿನ್ಯಾಗ ಗೋವಾಕ್ಕ ಹೋಗಿ ಕಲ್ತು ಬಂದೇನಿ."

ಗೋವಾದ ಸಮುದ್ರ ದಂಡೆಯ ಮೇಲೆ ಮೂರು ದಿನ ಕೃಷಿ ಕಲಿತವನಿಗೆ ಎದುರಾಡುವುದುಂಟೆ? ಅವನು ಅಂಗಡಿಗೆ ಹೋದದ್ದೇ ದ್ರಾಕ್ಷಾಯಿಣಿ, ರಾಣೇಬೆನ್ನೂರು ರಸ್ತೆಯಲ್ಲಿ ಮೂವತ್ತು ವರ್ಷದಿಂದ ಸಸಿ ಮಾರುತ್ತಿದ್ದ ಶಮಶೇರಸಾಬನನ್ನು ಕರೆಸಿದಳು. ಮುದುಕ ಉಗುರಿನಿಂದ ತೊಗಟೆ ಕೆರೆದ. ಒಳಗೆ ಹಸಿರು.

"ಜೀವ ಐತ್ರಿ ಅಕ್ಕಾರ. ಪಾಪ, ಬೇರು ಹರಕೊಂಡು ಬಂದೈತಿ. ಈಗ ಅದಕ್ಕ ಹೋಳಿಗಿ ಊಟ ಬ್ಯಾಡ, ಗಂಜಿ ಸಾಕು."

ಕೊಂಬೆಗಳನ್ನು ಅರ್ಧಕ್ಕೆ ಕತ್ತರಿಸಿದ. ಗಾಯದಿಂದ ಬಿಳಿ ಹಾಲು ಜಿನುಗಿತು. ಯೂರಿಯಾ ಬೆರೆತ ಮಣ್ಣು ತೆಗೆಸಿ ಹೊಸ ಮಣ್ಣು ಹಾಕಿಸಿದ, ಬುಡಕ್ಕೆ ಒಣಹುಲ್ಲು ಹಾಸಿದ, ನಾಲ್ಕು ಕೋಲು ನೆಟ್ಟು ಹಳೆಯ ಸೀರೆಯ ನೆರಳು ಕಟ್ಟಿಸಿದ. "ದಿನಾ ಒಂದ ಬಕೀಟ ನೀರು. ಚಿಗರ ಒಡಿಯೋತನಕ ಬ್ಯಾರೇ ಏನೂ ಹಾಕಬ್ಯಾಡ್ರಿ."

ಗಿಡಕ್ಕೆ ಪಥ್ಯ ಹೇಳುವುದು ಸುಲಭ, ಗಂಡನಿಗೆ ಹೇಳುವವರು ಯಾರು? "ಗಿಡಕ್ಕ ಸೀರಿ ಉಡಿಸೀಯೇನ?" ಎಂದು ಮಾಲತೇಶ ನಕ್ಕು ನೆರಳನ್ನೇನೋ ಬಿಟ್ಟುಕೊಟ್ಟ, ಟಾನಿಕ್ ಬಿಡಲೊಪ್ಪಲಿಲ್ಲ. ಮರುದಿನ ಅವನು ಸ್ನಾನಕ್ಕೆ ಹೋದಾಗ ದ್ರಾಕ್ಷಾಯಿಣಿ ಬಾಟಲಿಯನ್ನು ಗಟಾರಕ್ಕೆ ಬಗ್ಗಿಸಿ, ಚೆನ್ನಾಗಿ ತೊಳೆದು, ನಳದ ನೀರು ತುಂಬಿ, ಬಣ್ಣಕ್ಕೆ ಎರಡು ಚಮಚ ಚಹಾ ಬೆರೆಸಿಟ್ಟಳು. ಅಂದಿನಿಂದ ಮಾಲತೇಶ ಪ್ರತಿ ಮುಂಜಾನೆ ಮುಚ್ಚಳವನ್ನು ಬೆಳಕಿಗೆ ಹಿಡಿದು, ಹನಿಯೂ ಹೆಚ್ಚದಂತೆ ಅಳೆದು ಬಕೀಟಿಗೆ ಹಾಕುತ್ತಿದ್ದ. ಹೆಚ್ಚಾದರೆ ಗಿಡಕ್ಕೆ ಸೊಕ್ಕು ಬರುತ್ತದಂತೆ.

ಇಪ್ಪತ್ತೆರಡನೆಯ ದಿನ ಕೊಂಬೆಯ ಗಾಯದ ಕೆಳಗೆ ಗಿಳಿಮೂತಿಯಷ್ಟು ಚಿಗುರು ಕಾಣಿಸಿತು. ದ್ರಾಕ್ಷಾಯಿಣಿ ಕುಕ್ಕುರುಗಾಲಲ್ಲಿ ಕುಳಿತು ಎಣಿಸಿದಳು. ಏಳು. ಆಕೆ ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಮಾಲತೇಶ ಅರ್ಧ ಪೇಟೆಗೆ ಸುದ್ದಿ ಮುಟ್ಟಿಸಿದ್ದ. ಭಾನುವಾರ ಕರ್ಜಗಿಯ ರೈತ ಫಕ್ಕೀರೇಶನನ್ನು ಸಾಕ್ಷಿ ತೋರಿಸಲು ಮನೆಗೇ ಕರೆತಂದ. ಹೊಸದಾಗಿ ನೆಟ್ಟ ಪೇರಲ ಸಸಿಗಳು ಬಾಡುತ್ತಿವೆಯೆಂದು ಅವನು ಅಂಗಡಿಗೆ ಬಂದಿದ್ದ.

ಫಕ್ಕೀರೇಶ ಚಿಗುರು ಮುಟ್ಟಿ ನೋಡಿ ಆಕೆಯತ್ತ ತಿರುಗಿದ. "ಖರೇನ ಇದರಿಂದನ ಚಿಗಿತೇನ್ರಿ ಅಕ್ಕಾರ? ನನ್ನ ಸಸಿ ನೋಡಿದ್ರ ಊಟ ಸೇರವಲ್ದು."

ಮಾಲತೇಶ ಬಾಟಲಿಯನ್ನು ಎದೆಗೆ ಹಿಡಿದು ಫೋಟೋಕ್ಕೆ ನಿಂತವನಂತೆ ನಿಂತಿದ್ದ. ದ್ರಾಕ್ಷಾಯಿಣಿ ಅವನ ಕಡೆ ನೋಡಲಿಲ್ಲ.

"ಈ ಬಾಟ್ಲಿದನ್ನ ಹಾಕಿದ್ದು ಖರೇರಿ. ಆದ್ರ ಅದರಾಗಿದ್ದದ್ದು ನಮ್ಮ ನಳದ ನೀರು, ಒಂಚೂರು ಚಹಾ. ನೀವು ಚಹಾ ಹಾಕದಿದ್ರೂ ನಡೀತೈತಿ. ಸಸಿಗೆ ನೆಳ್ಳ ಮಾಡ್ರಿ, ಗೊಬ್ಬರ ನಿಲ್ಲಸ್ರಿ."

ಫಕ್ಕೀರೇಶ ಬಾಟಲಿ ನೋಡಿದ, ಮಾಲತೇಶನ ಮುಖ ನೋಡಿದ. ಮಾಲತೇಶ ಮುಚ್ಚಳ ತೆಗೆದು ಮೂಸಿದ. ಅವನ ಮುಖ ಕಪ್ಪಿಟ್ಟಿತು. ಆದರೆ ಇಪ್ಪತ್ತು ವರ್ಷ ಅಂಗಡಿಯ ಗಲ್ಲೆಯ ಮೇಲೆ ಕುಳಿತವನು ಅಷ್ಟಕ್ಕೆಲ್ಲ ಸೋಲುತ್ತಾನೆಯೆ? ಗಂಟಲು ಸರಿಮಾಡಿಕೊಂಡು, ಬಾಟಲಿಯ ಚೀಟಿಯನ್ನು ಗಿರಾಕಿಯ ಕಡೆ ತಿರುಗಿಸಿದ.

"ನೀರರ ಇರ್ಲಿ, ಚಹಾನರ ಇರ್ಲಿ ಫಕ್ಕೀರೇಶಪ್ಪ, ಬಾಟ್ಲಿ ಕಂಪನೀದ ಐತಿಲ್ಲೋ?"