ನಲವತ್ತು ಸಹಿಗಳ ಹೊದಿಕೆ

“ನಿನ್ನ ಅಮ್ಮನೂ ಸಹಿ ಹಾಕ್ತಾರಾ?” ಸತ್ಯಭಾಮಾ ಸೆರಗನ್ನು ಮೂಗಿಗೆ ತಂದರು. “ಹೊದೆಯುವ ವಸ್ತು ಮಾರಾಯ. ಮೀನು ಮಾರುವ ಕೈಯ ವಾಸನೆ ಹಿಡಿದರೆ ಹೋಗ್ಲಿಕ್ಕುಂಟಾ? ಅಲ್ಲ, ಅವರಿಗೆ ಬರೀಲಿಕ್ಕಾದ್ರೂ ಬರ್ತದಾ?”

ಅಕ್ಷಿತ್ ಕತ್ತರಿಯಿಂದ ತಲೆ ಎತ್ತಲಿಲ್ಲ. ಇನ್ನೆಂಟು ದಿನಕ್ಕೆ ಈ ಹೆಂಗಸಿನ ಮಗಳು ಕೃತಿಯ ಜೊತೆ ಅವನ ಮದುವೆ.

“ಹೆಸರು ಬರೀಲಿಕ್ಕೆ ಕಲಿತಿದ್ದಾರೆ” ಎಂದ.

ತನ್ನ ಕಡೆಯ ಮೂವತ್ತೊಂಬತ್ತು ನೆಂಟರೂ ಅಕ್ಷಿತನ ಅಮ್ಮನೂ ಒಂದೊಂದು ಬಿಳಿ ತುಂಡಿಗೆ ಸಹಿ ಹಾಕಬೇಕು, ಅವನ್ನು ಜೋಡಿಸಿ ಹೊದಿಕೆ ಮಾಡಬೇಕು ಎನ್ನುವುದು ಕೃತಿಯ ಆಸೆ. ಹೊಲಿಗೆ ಅವಳದ್ದು. ಬಟ್ಟೆ ಸಿದ್ಧ ಮಾಡುವುದು ತೊಕ್ಕೊಟ್ಟಿನ ಟೈಲರ್ ಅಕ್ಷಿತನ ಪಾಲಿನದ್ದು.

ಹೊಸ ಬಟ್ಟೆಯಲ್ಲಿ ಗಂಜಿ ಇರುತ್ತದೆ. ಬಿಸಿನೀರಲ್ಲಿ ಅದನ್ನು ತೆಗೆಯದಿದ್ದರೆ ಶಾಯಿ ನೂಲಿಗೆ ಇಳಿಯುವುದಿಲ್ಲ, ಮೊದಲ ಸಲ ಒಗೆದಾಗಲೇ ಹೋಗಿಬಿಡುತ್ತದೆ. ಕೊಟ್ಟಾರದ ಸತ್ಯಭಾಮಾ ಅವರ ಮನೆಯಲ್ಲಿ ಇದು ಗೊತ್ತಿದ್ದವನು ಅವನೊಬ್ಬನೇ.

ಇಂಥವರ ಹೆಸರು ಹೊದ್ದು ಮಲಗಬೇಕೆ? ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನೆಂದು ಎದುರಲ್ಲೇ ಇಂಗ್ಲಿಷಿನಲ್ಲಿ ಆಡಿಕೊಂಡವರು. ಅಮ್ಮ ಕುಡಿದ ಲೋಟವನ್ನು ಎರಡು ಬೆರಳಲ್ಲಿ ಎತ್ತಿ ಹಿತ್ತಿಲಿಗೆ ಒಯ್ದವರು.

ಮೂವತ್ತೊಂಬತ್ತು ತುಂಡುಗಳಿಗೆ ಗಂಜಿ ಸಮೇತ ಇಸ್ತ್ರಿ ಹಾಕಿದ. ಒಂದನ್ನು ಮಾತ್ರ ಮೂರು ಸಲ ಬಿಸಿನೀರಲ್ಲಿ ತೊಳೆದ. ಅದು ಅಮ್ಮನಿಗೆ. ಉಳಿದರೆ ಆ ಒಂದು ಹೆಸರು ಉಳಿಯಬೇಕು.

ಮದುವೆಯ ದಿನ ವೇದಿಕೆ ಹತ್ತುವ ಮೊದಲು ತಾನೇ ಅದನ್ನು ತಾಯಿ ಅಮ್ಮಣ್ಣಿಯ ಕೈಗಿಟ್ಟ. “ಇದರಲ್ಲೇ ಬರಿ ಅಮ್ಮ.”

“ಇದೆಂತ, ಒರಸುವ ಬಟ್ಟೆಯ ಹಾಗೆ ಉಂಟಲ್ಲ?” ಅಮ್ಮಣ್ಣಿ ನಕ್ಕರು. “ಆಯ್ತು, ಹೋಗು. ನಿನ್ನನ್ನು ಕರೀತಿದ್ದಾರೆ.”

ತಿಂಗಳಲ್ಲಿ ಹೊದಿಕೆ ಮುಗಿಯಿತು. ಅಕ್ಷಿತ್ ಅದನ್ನು ಬಿಡಿಸಿಯೂ ನೋಡಲಿಲ್ಲ. ಆ ಹೆಸರುಗಳನ್ನು ಓದುವುದೂ ಅವನಿಗೆ ಹೇಸಿಗೆ. ಕೃತಿ ಪೇಟೆಗೆ ಹೋದದ್ದೇ ತಡ, ಬಕೆಟಿನ ಸೋಪು ನೀರಿಗೆ ಮುಳುಗಿಸಿ ಕಾಲಲ್ಲಿ ತುಳಿದ. ನೀರು ಕಪ್ಪಾಯಿತು. ನಿಶ್ಚಿತಾರ್ಥ ಆದ ಮೇಲೆ ಮೊದಲ ಸಲ ಅವನಿಗೆ ಉಸಿರಾಟ ಹಗುರವಾಯಿತು.

ಹಗ್ಗಕ್ಕೆ ಹರಡುವಷ್ಟರಲ್ಲಿ ಕೃತಿ ಬಂದಳು. ಕೈಚೀಲ ಜಾರಿತು.

“ಅಯ್ಯೋ! ಅತ್ತೆ ಬರೆದದ್ದೂ ಹೋಯ್ತಾ? ಪಾಪ, ಮೆತ್ತಗಿನ ಬಟ್ಟೆ ಮುದುಡಿ ಅವರಿಗೆ ಪೆನ್ನೇ ಓಡ್ತಿರ್ಲಿಲ್ಲ. ನಾನೇ ನನ್ನ ಅಮ್ಮನದ್ದನ್ನು ಅವರಿಗೆ, ಅವರದ್ದನ್ನು ಅಮ್ಮನಿಗೆ ಕೊಟ್ಟು ಬದಲು ಮಾಡಿದ್ದು. ಎಷ್ಟು ಹೊತ್ತು ಕೂತು ಬರೆದಿದ್ರು ಗೊತ್ತುಂಟಾ?”

ಹಗ್ಗದ ಮೇಲೆ ನೀರಿಳಿಯುತ್ತಿದ್ದ ಆ ಬಿಳುಪಿನ ನಡುವೆ ಒಂದೇ ಒಂದು ಹೆಸರು ಕಪ್ಪಗೆ ಉಳಿದಿತ್ತು: ಸತ್ಯಭಾಮಾ.